ಎಂಟು ಕಿಲೋಮೀಟರ್ ಹೆಚ್ಚು

ಕಲ್ಲುಬೋರೆಯ ಏರಿನ ನಡುವೆ ಗರುಡ ನಿಂತೇಬಿಟ್ಟಿತು.

ಗರುಡ ಎಂದರೆ ಬ್ಯಾಟರಿ ಗಾಡಿ, ಸ್ಕೂಟರಿನಂಥದು. ಶ್ರವಣಬೆಳಗೊಳದಿಂದ ಒಂದು ದಿನದ ಇತಿಹಾಸ ಪ್ರವಾಸಕ್ಕೆ ಹೊರಡುವ ಏಳು ಗಾಡಿಗಳಿಗೂ ಗೈಡ್ ಮುರಳೀಕೃಷ್ಣ ದೇವಲೋಕದ ಒಂದೊಂದು ವಾಹನದ ಹೆಸರಿಟ್ಟು ಹಸಿರು ಸ್ಟಿಕರ್ ಅಂಟಿಸಿದ್ದ. ಏಳರಲ್ಲಿ ಎರಡು ಹೆಸರುಗಳ ಕಾಗುಣಿತ ತಪ್ಪಿತ್ತು. ನಂಬರ್ ಪ್ಲೇಟಿಲ್ಲ, ಲೈಸೆನ್ಸ್ ಬೇಕಿಲ್ಲ, ಓಡಿದರೆ ಸದ್ದಿಲ್ಲ. ಹತ್ತು ದಿನಗಳ ಹಿಂದೆ ಇದೇ ಗರುಡನ ಮೇಲೆ ಪ್ರವಾಸ ಹೊರಟಿದ್ದ ನಿವೃತ್ತ ಪ್ರೊಫೆಸರ್ ಸಂಪತ್ಕುಮಾರ ಅವರು ಮಾರೇನಕಟ್ಟೆಯ ನೀರಿನಲ್ಲಿ ಹೆಣವಾಗಿ ಸಿಕ್ಕಿದ್ದರು.

ಇವತ್ತು ಅದರ ಮೇಲೆ ಕೂತಿದ್ದವನು ಹೆಡ್ ಕಾನ್‌ಸ್ಟೇಬಲ್ ಚಲುವಯ್ಯ.

"ಇಳೀರಿ ಚಲುವಯ್ಯ, ಇಳೀರಿ," ಎಂದ ಮುರಳೀಕೃಷ್ಣ, ಮುಂದಿನ ಗಾಡಿಯಿಂದ ಕತ್ತು ತಿರುಗಿಸಿ. "ಇದು ಮನುಷ್ಯರಿಗೆ ಅಂತ ಮಾಡಿರೋದು. ಅಕ್ಕಿಮೂಟೆಗೆ ಬೇರೆ ಲಗೇಜ್ ಆಟೋ ಬರುತ್ತೆ."

ಚಲುವಯ್ಯ ಇಳಿಯಲಿಲ್ಲ. ಎರಡೂ ಕಾಲುಗಳನ್ನು ನೆಲಕ್ಕೆ ಊರಿ ಒದ್ದುಕೊಂಡು, ಹಿಡಿಯನ್ನು ಪೂರ್ತಿ ತಿರುವಿ, ಎತ್ತಿನ ಗಾಡಿಯೂ ನಾಚುವಷ್ಟು ನಿಧಾನಕ್ಕೆ ಏರು ಹತ್ತಿಸಿದ. ನೆತ್ತಿಗೆ ಬಂದ ಮೇಲೆ ಬೆವರು ಒರೆಸಿಕೊಂಡು, ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡ. ಇಳಿಜಾರಿನ ಆ ಕಡೆ ಅರ್ಧ ಫರ್ಲಾಂಗು ದೂರದಲ್ಲಿ ತಗಡಿನ ಶೆಡ್ಡೊಂದು ಕಾಣುತ್ತಿತ್ತು. ಕಲ್ಲಿನ ಮೇಲೆ ಉಳಿ ಬೀಳುವ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಅಲ್ಲಿಗೆ ಹೋಗದೆ ಅವನು ಗಾಡಿ ತಿರುಗಿಸಿದ.

ನಾಲ್ಕು ಕಿಲೋಮೀಟರ್ ಸುತ್ತಿಸಿ ಇಲ್ಲಿಗೆ ಯಾಕೆ ಕರೆತಂದಿರಿ ಎಂದು ಮುರಳೀಕೃಷ್ಣ ಕೇಳಿದ. ತನ್ನ ಪ್ರವಾಸದಲ್ಲಿ ಈ ದಾರಿಯೇ ಇಲ್ಲ ಎಂದ.

"ಸುಮ್ಕೆ, ಸ್ವಾಮಿ," ಎಂದ ಚಲುವಯ್ಯ.

ಅವರ ಹಿಂದೆ ಮೂರನೆಯ ಗಾಡಿ ಯಾವ ಆಯಾಸವೂ ಇಲ್ಲದೆ ಏರು ಹತ್ತಿ ಬಂತು. ಅದರ ಮೇಲಿದ್ದವಳು ರಂಜನಿ, ಹಾಸನದ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕಿ, ಸತ್ತ ಪ್ರೊಫೆಸರರ ಶಿಷ್ಯೆ. ಮೂವತ್ತೊಂದು ವಯಸ್ಸಿಗೆ ಹುಡುಗಿಯಂತೆ ಕಾಣುವ ಸಣಕಲು ಮೈ. ಅವಳು ಏರನ್ನೂ ನೋಡಲಿಲ್ಲ, ಶೆಡ್ಡನ್ನೂ ನೋಡಲಿಲ್ಲ. ಪ್ರವಾಸಿಗಳಿಗೆ ಕೊಡುವ ಹಳದಿ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ತಾನೂ ಗಾಡಿ ತಿರುಗಿಸಿದಳು.

ಈ ಒಂದು ದಿನವನ್ನು ಚಲುವಯ್ಯ ಬೇಡಿ ಪಡೆದಿದ್ದ. ಸಬ್ ಇನ್‌ಸ್ಪೆಕ್ಟರ್ ಚಂದ್ರಶೇಖರಯ್ಯನವರ ಪ್ರಕಾರ ವಿಷಯ ಮುಗಿದಿತ್ತು: ಅರವತ್ತಾರು ವಯಸ್ಸಿನ ಮುದುಕ, ಪಾಚಿ ಕಟ್ಟಿದ ಮೆಟ್ಟಿಲು, ಜಾರಿದ. ಮುಖ ಅಡಿಯಾಗಿ ಬಿದ್ದವನಿಗೆ ಹಿಂದಲೆಗೆ ಪೆಟ್ಟು ಹೇಗೆ ಬಂತು ಸಾ ಎಂದು ಚಲುವಯ್ಯ ಕೇಳಿದಾಗ ಅವರು ನಕ್ಕಿದ್ದರು. ಬೀಳುವವನು ನಿನ್ನ ಅನುಮತಿ ಕೇಳಿ ಬೀಳುತ್ತಾನೇನಯ್ಯ ಎಂದಿದ್ದರು. ಕೊನೆಗೆ ಕಾಟ ತಾಳಲಾರದೆ, ಒಂದು ದಿನ ಗಾಡಿ ಮೇಲೆ ಕೂತು ಗುಡಿ ನೋಡಿಕೊಂಡು ಬಾ, ಆಮೇಲೆ ಬಾಯಿ ಮುಚ್ಚಿಕೊಂಡು ಫೈಲಿಗೆ ದಾರ ಕಟ್ಟು ಎಂದು ಕಳಿಸಿದ್ದರು.

ಮಾರೇನಕಟ್ಟೆಗೆ ವಾಪಸ್ ಬರುವ ದಾರಿಯಲ್ಲಿ ಮುರಳೀಕೃಷ್ಣ ಬಾಯಿ ಸುಮ್ಮನಿರಲಾರದೆ ತನ್ನ ಪಾಠ ಒಪ್ಪಿಸತೊಡಗಿದ. ರಾಗಿಹೊಲದ ಬದುವಿನಲ್ಲಿ ನೆಟ್ಟಿದ್ದ ಒಂದಾಳೆತ್ತರದ ಕಲ್ಲೊಂದನ್ನು ತೋರಿಸಿ, ಇದು ಹೊಯ್ಸಳರ ಪಟ್ಟದಾನೆಯನ್ನು ಕಟ್ಟುತ್ತಿದ್ದ ಕಂಬ ಎಂದು ರಂಜನಿಗೆ ವಿವರಿಸಿದ.

ಚಲುವಯ್ಯ ಅಲ್ಲಿಂದ ಎರಡು ಮೈಲಿಯ ಹಳ್ಳಿಯಲ್ಲಿ ಹುಟ್ಟಿದವನು. ಅದು ದನಗಳು ಮೈ ಉಜ್ಜಿಕೊಳ್ಳಲಿ ಎಂದು ನೆಟ್ಟ ಕಲ್ಲು. ನೆಟ್ಟವನು ಅವನ ಸೋದರಮಾವ. ಹೇಳಿದರೆ ಇವನು ಸೋದರಮಾವನನ್ನೂ ಹೊಯ್ಸಳರ ಸೈನ್ಯಕ್ಕೆ ಸೇರಿಸುತ್ತಾನೆ ಎಂದುಕೊಂಡು ಅವನು ಗಾಡಿ ಮುಂದೋಡಿಸಿದ.

ಕಟ್ಟೆಯ ಅರಳಿಮರ ಕಾಣುವ ಹೊತ್ತಿಗೆ ಗರುಡನ ಕೆಂಪು ದೀಪ ಹತ್ತಿತು. ಕಟ್ಟೆಯ ಏರಿ ಮುಟ್ಟುವ ಹೊತ್ತಿಗೆ ಗಾಡಿ ಸತ್ತಿತು. ಚಲುವಯ್ಯ ಅದನ್ನು ತಳ್ಳಿಕೊಂಡು ಬಂದು, ಹತ್ತು ದಿನದ ಹಿಂದೆ ನಿಂತಿದ್ದ ಜಾಗದಲ್ಲೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಅವನ ಮುಖದಲ್ಲಿ ತೃಪ್ತಿಯಿತ್ತು. ಮುರಳೀಕೃಷ್ಣ ಆ ತೃಪ್ತಿಯನ್ನು ಪೆದ್ದುತನ ಎಂದುಕೊಂಡ.

ಮಾರೇನಕಟ್ಟೆ ಅಂಥ ನೋಡುವಂಥ ಊರೇನಲ್ಲ. ಅರ್ಧ ಬಿದ್ದ ಗುಡಿ, ನಾಲ್ಕು ಕಡೆ ಮೆಟ್ಟಿಲಿರುವ ಕಟ್ಟೆ, ಅರಳಿಮರ, ಮೂವತ್ತು ಮನೆ. ಎರಡು ವರ್ಷದ ಹಿಂದೆ ಗುಡಿಯ ಹಿಂದಿನ ಲಂಟಾನ ಪೊದೆಯಲ್ಲಿ ಮುರಳೀಕೃಷ್ಣನಿಗೆ ಒಂದು ಶಾಸನದ ಕಲ್ಲು ಸಿಕ್ಕಿತು. ಅದರಲ್ಲಿ, ಬೆಳಗೊಳಕ್ಕೆ ಹೊರಟಿದ್ದ ಒಬ್ಬ ರಾಣಿ ಇಲ್ಲಿ ಒಂದು ರಾತ್ರಿ ತಂಗಿ ಕಟ್ಟೆ ಕಟ್ಟಿಸಿದಳು ಎಂದಿತ್ತು. ಅಷ್ಟೇ ಸಾಕಾಯಿತು. ಲಾಡ್ಜೊಂದರಲ್ಲಿ ರೂಮಿನ ಕೀಲಿ ಕೊಡುತ್ತಿದ್ದವನು ರಾತ್ರೋರಾತ್ರಿ ಸಂಶೋಧಕನಾದ. ಐವತ್ತು ಪುಟದ ಪುಸ್ತಕ ಅಚ್ಚುಹಾಕಿಸಿದ. ಆಮೇಲೆ ಬ್ಯಾಟರಿ ಗಾಡಿ ಬಂದವು, ಬೆಂಗಳೂರಿನ ಜನ ಬಂದರು.

ಹತ್ತು ದಿನದ ಹಿಂದೆ ಬಂದವರು ಆರು ಜನ. ನಾಲ್ವರು ಬೆಂಗಳೂರಿನ ಬ್ಯಾಂಕಿನವರು. ಊಟವಾದ ಮೇಲೆ ನಾಲ್ಕು ಗಂಟೆಯವರೆಗೆ ಅರಳಿಮರದಡಿ ಇಸ್ಪೀಟು ಬಿಟ್ಟು ಕದಲದವರು, ತಲೆ ಎತ್ತದವರು. ಉಳಿದಿಬ್ಬರು ಸಂಪತ್ಕುಮಾರ ಮತ್ತು ರಂಜನಿ. ಊಟಕ್ಕೆ ಮುಂಚೆ ಎಲ್ಲರೂ ಶಾಸನದ ಮುಂದೆ ನಿಂತಾಗ ಪ್ರೊಫೆಸರರು ಕನ್ನಡಕ ಏರಿಸಿ ಕಲ್ಲಿನ ಕೊನೆಯ ಸಾಲನ್ನು ಬೆರಳಿನಿಂದ ಮುಟ್ಟಿ ಕೇಳಿದ ಮಾತನ್ನು ನಾಲ್ವರು ಬ್ಯಾಂಕಿನವರೂ ಒಂದಕ್ಷರ ಬಿಡದೆ ಪೊಲೀಸರಿಗೆ ಹೇಳಿದ್ದರು.

"ಮುರಳೀಕೃಷ್ಣ, ಹೊಯ್ಸಳರ ಕಾಲದಲ್ಲಿ ಫುಲ್‌ಸ್ಟಾಪ್ ಯಾವ ಅಂಗಡೀಲಿ ಸಿಗ್ತಿತ್ತಪ್ಪಾ?"

ನಿಜವಾಗಿಯೂ ಅಲ್ಲೊಂದು ಚುಕ್ಕೆ ಇತ್ತು. ಶಾಲೆಯ ಮಗು ವಾಕ್ಯದ ಕೊನೆಗೆ ಇಡುವಂಥದು. ನಾಲ್ವರೂ ನಕ್ಕಿದ್ದರು. ಸಂಪತ್ಕುಮಾರ ನಿಲ್ಲಿಸಲಿಲ್ಲ. ಹೊಳೆನರಸೀಪುರದ ಪೂಜಾರಿಯ ಮಗ, ಬಿ.ಎ.ನಲ್ಲಿ ನನ್ನ ಪೇಪರಿನಲ್ಲೇ ಎರಡು ಸಲ ನಪಾಸಾದವನು, ಈಗ ಕಲ್ಲಿಗೆ ಉಪ್ಪು ಖಾರ ಹಾಕಿ ಮಾರುತ್ತಾನೆ ಎಂದು ಅವನ ಮುಂದೆಯೇ ಹೇಳಿದರು. ಮುಂದಿನ ವಾರ ಪತ್ರಿಕೆಗೆ ಬರೆಯುವುದಾಗಿಯೂ ಹೇಳಿದರು. ಆಮೇಲೆ ಅದೇ ಗೈಡ್ ಕೊಟ್ಟ ಚಿತ್ರಾನ್ನವನ್ನು ಉಪ್ಪು ಕಮ್ಮಿ ಎನ್ನುತ್ತ ತಿಂದರು.

ಎರಡೂವರೆಗೆ ಊಟ ಮುಗಿಯಿತು. ನಾಲ್ಕಕ್ಕೆ ಹೊರಡುವಾಗ ಅವರಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಟ್ಟೆ ಒಗೆಯಲು ಬಂದವಳು ಹೆಣ ನೋಡಿದಳು.

ಇದಿಷ್ಟು ಇಡೀ ಠಾಣೆಗೆ ಗೊತ್ತಿತ್ತು. ಚಲುವಯ್ಯನಿಗೆ ಮಾತ್ರ ಗೊತ್ತಿದ್ದದ್ದು ಮೀಟರು.

ಈಗ ಅವನು ಶಾಸನದ ಕಲ್ಲಿನ ಪಕ್ಕದ ಜಗಲಿಯ ಮೇಲೆ ಕೂತು, ಬೂಟು ಬಿಚ್ಚಿ, ಅದನ್ನೇ ಹೇಳಿದ. ಏಳು ಗಾಡಿಗಳನ್ನೂ ಒಂದೇ ದಿನ ಕೊಂಡದ್ದು. ಹೋದರೆ ಏಳೂ ಸಾಲಾಗಿ ಹೋಗುತ್ತವೆ, ನಿಂತರೆ ಏಳೂ ನಿಲ್ಲುತ್ತವೆ. ಅವತ್ತು ಸಂಜೆ ಮಹಜರು ಬರೆಯುವಾಗ ಅವನು ಎಲ್ಲದರ ಮೀಟರೂ ಬರೆದುಕೊಂಡಿದ್ದ. ಆರು ಗಾಡಿ ಸಾವಿರದ ಆರುನೂರ ನಲವತ್ತರ ಆಸುಪಾಸಿನಲ್ಲಿದ್ದವು. ಗರುಡ ಒಂದೇ ಎಂಟು ಕಿಲೋಮೀಟರ್ ಹೆಚ್ಚು ಓಡಿತ್ತು.

ಮುರಳೀಕೃಷ್ಣ ಕೈ ಕೊಡವಿದ. ಚೈನಾದಿಂದ ಬಂದ ಮೀಟರು, ಅದಕ್ಕೇನು ನಂಬಿಕೆ, ನೀವು ಓದುವಾಗ ತಪ್ಪು ಓದಿರುತ್ತೀರಿ, ಅಂಕಿ ಇಂಗ್ಲಿಷಿನಲ್ಲಿರುತ್ತವಲ್ಲ ಎಂದ.

"ಇರಬೈದು," ಎಂದ ಚಲುವಯ್ಯ. "ಊಟ ಆದ್ಮೇಲೆ ತಾವು ಎಲ್ಲಿದ್ರಿ ಸ್ವಾಮಿ?"

"ಎಷ್ಟು ಸಲ ಹೇಳಬೇಕ್ರೀ? ಗಾಡಿಗಳ ಬ್ಯಾಟರಿ ಚೆಕ್ ಮಾಡ್ತಿದ್ದೆ."

"ಏಳನ್ನೂವೆ?"

"ಏಳನ್ನೂ."

"ಅಂಗಾರೆ ಗರುಡ ಇಲ್ಲದ್ದು ಕಾಣ್ಲಿಲ್ವಾ?"

ಮುರಳೀಕೃಷ್ಣ ಇಷ್ಟು ಹೊತ್ತು ಅಕ್ಕಿಮೂಟೆಯಂತೆ ಕಂಡಿದ್ದ ಮನುಷ್ಯನನ್ನು ಮೊದಲ ಸಲ ಸರಿಯಾಗಿ ನೋಡಿದ.

ಚಲುವಯ್ಯ ಅವಸರ ಮಾಡಲಿಲ್ಲ. ಹೋಗುವಾಗ ನಾಲ್ಕು, ಬರುವಾಗ ನಾಲ್ಕು. ಮಾರೇನಕಟ್ಟೆಯಿಂದ ಹೊರಡುವ ದಾರಿಗಳು ನಾಲ್ಕು. ವಾರವಿಡೀ ಡ್ಯೂಟಿ ಮುಗಿದ ಮೇಲೆ ಸೈಕಲ್ ಹತ್ತಿ ಒಂದೊಂದು ದಾರಿಯಲ್ಲೂ ನಾಲ್ಕು ಕಿಲೋಮೀಟರ್ ಹೋಗಿ ನೋಡಿದ್ದ. ರಸ್ತೆ ಅಳೆಯೋ ಇಲಾಖೆಗೆ ಯಾವಾಗ ಸೇರಿದೆ ಎಂದು ಠಾಣೆಯಲ್ಲಿ ನಗಾಡಿದರು. ಒಂದು ದಾರಿ ತೆಂಗಿನ ತೋಟಕ್ಕೆ ಹೋಗಿ ನಿಂತಿತು. ಇನ್ನೊಂದು ಕೋಳಿ ಫಾರಂಗೆ. ಮೂರನೆಯದು ಬಸ್ ಸ್ಟಾಪಿಗೆ. ನಾಲ್ಕನೆಯದು ಕಲ್ಲುಬೋರೆ ದಾಟಿ ರಂಗಸ್ವಾಮಿಯ ಶೆಡ್ಡಿಗೆ.

ರಂಗಸ್ವಾಮಿ ಒರಳುಕಲ್ಲು, ಸಮಾಧಿ ಕಲ್ಲು, ಗುದ್ದಲಿಪೂಜೆಯ ಹೆಸರಿನ ಕಲ್ಲು ಕೆತ್ತುವವನು. ಎಪ್ಪತ್ತರ ಹತ್ತಿರದ ಒಣಕಲು ಮುದುಕ. ಕಣ್ಣಿಗೆ ಪೊರೆ ಬಂದು ಈಗ ಅಕ್ಷರದ ಕೆಲಸ ಮಗನದು, ಒರಟು ಕೆಲಸ ಮಾತ್ರ ತನ್ನದು ಎಂದಿದ್ದ. ನಿನ್ನೆ ಚಲುವಯ್ಯನಿಗೆ ಚಹಾ ಕೊಟ್ಟು ಎಲ್ಲವನ್ನೂ ಹೇಳಿದ್ದ. ಅವನು ಹೇಳಿದ್ದನ್ನಷ್ಟೇ ಚಲುವಯ್ಯ ಈಗ ಇವರ ಮುಂದಿಟ್ಟ. ಮೇಷ್ಟ್ರು, ಅಂದರೆ ಸಂಪತ್ಕುಮಾರರು, ಅವತ್ತು ಮೂರು ಗಂಟೆಗೆ ಸದ್ದಿಲ್ಲದ ಗಾಡಿಯಲ್ಲಿ ಬಂದರು. ಹಿಂದೆ ಯಾರೋ ಹಳದಿ ಟೋಪಿ ಹಾಕಿಕೊಂಡು ಕೂತಿದ್ದರು, ಇಳಿಯಲೇ ಇಲ್ಲ, ಮುಖ ಕಾಣಲಿಲ್ಲ. ಮಾರೇನಕಟ್ಟೆ ಕಲ್ಲು ನೀನು ಕೆತ್ತಿದ್ದು ಅಂತ ಯಾರಿಗೂ ಹೇಳಬೇಡ ಎಂದು ತಾಕೀತು ಮಾಡಿ ಹೊರಟುಹೋದರು.

ಇಷ್ಟನ್ನು ಕೇಳುವ ಹೊತ್ತಿಗೆ ಮುರಳೀಕೃಷ್ಣ ಕಲ್ಲಿಗೆ ಒರಗಿ ನಿಂತಿದ್ದವನು ಅದರಿಂದ ಸರಿದು ನಿಂತ, ಕಲ್ಲು ಸುಟ್ಟಂತೆ.

"ಕೆತ್ತಿದ್ದು ಅಂದ್ರೆ?"

"ಎರಡೂವರೆ ವರ್ಸದ ಕೆಳಗೆ ಕೆತ್ಸಿದ್ರಂತೆ. ತಿಪ್ಪೇಲಿ ಆರು ತಿಂಗಳು ಊತಿಟ್ಟು ಹಳೇದು ಮಾಡಿ, ಎತ್ತಿನ ಗಾಡೀಲಿ ತಂದು ಪೊದೇಲಿ ನಿಲ್ಸಿದ್ರಂತೆ. ಬರೆದುಕೊಟ್ಟ ಚೀಟಿ ಇನ್ನೂ ಮಡಗಿದ್ದ."

ಚಲುವಯ್ಯ ನೋಟ್‌ಬುಕ್ಕಿನಿಂದ ನಾಲ್ಕು ಮಡಿಕೆಯ ಕಾಗದ ಬಿಡಿಸಿ ಕಲ್ಲಿನ ಮೇಲೆ ಹರಡಿದ. ಕಲ್ಲಿನಲ್ಲಿದ್ದ ಅದೇ ಹನ್ನೊಂದು ಸಾಲು, ಹಳಗನ್ನಡದ ಅಕ್ಷರದಲ್ಲಿ. ಅಂಚಿನಲ್ಲಿ ಹೊಸಗನ್ನಡದಲ್ಲಿ, ಯಾವ ಸಾಲು ಎಷ್ಟು ಅಂಗುಲ ಎಂದು ಸೂಚನೆ. ಕೊನೆಯ ಸಾಲಿನ ಚುಕ್ಕೆಗೆ ಸುತ್ತು ಹಾಕಿ "ಇದು ಕಡ್ಡಾಯ" ಎಂದು ಬರೆದಿತ್ತು.

ಮುರಳೀಕೃಷ್ಣ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ನೋಡಿದ. ಆಮೇಲೆ ಗಾಡಿಯ ಡಿಕ್ಕಿಯಿಂದ ತನ್ನ ಪುಸ್ತಕದ ಒಂದು ಪ್ರತಿ ತಂದ. ಮೊದಲ ಪುಟದಲ್ಲಿ "ಗುರುಗಳಾದ ಡಾ. ಸಂಪತ್ಕುಮಾರರ ಚರಣಗಳಿಗೆ" ಎಂದು ಅಚ್ಚಾಗಿತ್ತು. ಈ ಪ್ರತಿಯನ್ನೇ ಅವರಿಗೆ ಅಂಚೆಯಲ್ಲಿ ಕಳಿಸಿದ್ದನಂತೆ. ಹದಿನೈದು ದಿನದಲ್ಲಿ ವಾಪಸ್ ಬಂತು, ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ತಿದ್ದಿ. ಅರ್ಪಣೆಯ ಸಾಲಿಗೆ ಅಡ್ಡಗೆರೆ ಎಳೆದು "ನಾನು ಇಂಥವರನ್ನು ಹೆತ್ತಿಲ್ಲ" ಎಂದು ಬರೆದಿತ್ತು.

ಅಂಥದನ್ನು ಯಾರಾದರೂ ಸುಟ್ಟುಹಾಕುತ್ತಾರೆ. ಇವನು ಜೊತೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ತಿದ್ದಿದ್ದೆಲ್ಲ ಸರಿಯಾಗಿತ್ತು, ಅದರಿಂದ ಕಲಿತೆ ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಕೆಂಪು ಶಾಯಿಯ ಅಕ್ಷರವನ್ನೂ ಕಾಗದದ ಅಕ್ಷರವನ್ನೂ ಪಕ್ಕಪಕ್ಕಕ್ಕೆ ಹಿಡಿದರು. ಶಕಾರದ ಬಾಲ ಒಂದೇ. ಒತ್ತಕ್ಷರಗಳು ಎಡಕ್ಕೆ ವಾಲುವುದು ಒಂದೇ. ನೋಡಲು ಪಂಡಿತ ಬೇಕಿರಲಿಲ್ಲ, ಹೆಡ್ ಕಾನ್‌ಸ್ಟೇಬಲ್ ಸಾಕಾಗಿದ್ದ.

"ಗುಡಿ ಹಿಂದೆ ನೋಡು ಅಂತ ಯಾರೋ ಫೋನ್ ಮಾಡಿದ್ರು," ಎಂದ ಮುರಳೀಕೃಷ್ಣ. "ಹೆಸರು ಹೇಳಲಿಲ್ಲ. ನಾನು ಊರವರು ಯಾರೋ ಅಂದ್ಕೊಂಡೆ."

ಅವನು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡು ವರ್ಷ ಅವನು ಈ ಕಲ್ಲಿಗೆ ಸೋಮವಾರ ಸೋಮವಾರ ನೀರು ಹಾಕಿ ಒರೆಸಿದ್ದ. ಮಗಳಿಗೆ ಆ ರಾಣಿಯ ಹೆಸರನ್ನೇ ಇಟ್ಟಿದ್ದ.

"ನನ್ನಂಥವನಿಗೋಸ್ಕರ ಕಲ್ಲು ಕೆತ್ತಿಸಿದ್ರಾ ಅವರು?" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೆರಗಿತ್ತು. "ಕ್ಲಾಸಲ್ಲಿ ಒಂದು ದಿನ ನನ್ನ ಹೆಸರು ನೆನಪಿಟ್ಟುಕೊಂಡವರಲ್ಲ."

ಚಲುವಯ್ಯನಿಗೆ ಅವನ ಮೇಲೆ ಅಸಹ್ಯವೇ ಹೆಚ್ಚಾಯಿತು. ಉಗಿಸಿಕೊಂಡದ್ದಕ್ಕೂ ಹೆಮ್ಮೆ ಪಡುವ ಮನುಷ್ಯ. ಆದರೆ ಸತ್ತವರ ಮೇಲೆ ಹುಟ್ಟಿದ್ದು ಅದಕ್ಕಿಂತ ದೊಡ್ಡದು. ಡಾಕ್ಟರೇಟು ಪಡೆದು, ಸನ್ಮಾನದ ಶಾಲು ಹೊದ್ದು, ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಒಬ್ಬ ದಡ್ಡನನ್ನು ಹತ್ತು ಜನರ ಮುಂದೆ ದಡ್ಡ ಎಂದು ತೋರಿಸಲು ಎರಡು ವರ್ಷ ಕಾದಿದ್ದರು. ಅಷ್ಟು ಓದಿ ಕಲಿತದ್ದು ಇದನ್ನೇ ಎಂದುಕೊಂಡ.

ಮುರಳೀಕೃಷ್ಣ ಎದ್ದು ಪ್ಯಾಂಟಿನ ಧೂಳು ಕೊಡವಿದ. ಈಗ ನನ್ನನ್ನು ಹಿಡೀತೀರಿ ಅಲ್ವಾ ಎಂದ. ಅವಮಾನ ಆದವನು ನಾನು, ಸುಳ್ಳು ಹೇಳಿದವನೂ ನಾನು, ಪೊಲೀಸರಿಗೆ ಇಷ್ಟಿದ್ದರೆ ಸಾಕು ಎಂದ.

"ತಮ್ಮ ತೂಕ ಏಟು ಸ್ವಾಮಿ?" ಎಂದ ಚಲುವಯ್ಯ.

"ಏನು?"

"ತೂಕ."

ಎಪ್ಪತ್ತೆಂಟು ಎಂದ ಮುರಳೀಕೃಷ್ಣ, ಅನುಮಾನದಿಂದ.

ಪೋಸ್ಟ್‌ಮಾರ್ಟಂ ಚೀಟಿಯಲ್ಲಿ ಮೇಷ್ಟ್ರ ತೂಕ ಐವತ್ತೊಂದು ಕೆ.ಜಿ. ಎಂದಿತ್ತು. ಒಬ್ಬರನ್ನು ಹೊತ್ತು ಐವತ್ತು ಕಿಲೋಮೀಟರ್ ಓಡುವ ಗಾಡಿ ಅವತ್ತು ಇಪ್ಪತ್ತೇಳಕ್ಕೇ ಸತ್ತಿತ್ತು. ಅದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಠಾಣೆಗೆ ಒಯ್ದವನು ಚಲುವಯ್ಯನೇ. ಹಾಗಾಗಿ ಹಿಂದೆ ಒಬ್ಬರು ಕೂತಿದ್ದರು ಎನ್ನುವ ರಂಗಸ್ವಾಮಿಯ ಮಾತು ಅವನಿಗೆ ನಿಜ ಅನ್ನಿಸಿತ್ತು. ಯಾರು ಎನ್ನುವುದಷ್ಟೇ ಉಳಿದದ್ದು. ಅದಕ್ಕೇ ಇವತ್ತು ಮಾರೇನಕಟ್ಟೆಯ ಕವಲಿನವರೆಗೆ ಗರುಡನನ್ನು ರಂಜನಿಗೆ ಕೊಟ್ಟು, ಅಲ್ಲಿಂದ ತಾನು ಹತ್ತಿದ್ದ. ಇವತ್ತೂ ಅದು ಇಪ್ಪತ್ತೇಳಕ್ಕೇ ಸತ್ತಿತ್ತು.

"ನಂದು ತೊಂಬತ್ನಾಲ್ಕು. ನನ್ನೇ ಒತ್ತು ಏರು ಅತ್ತಾಕೆ ಗಾಡಿ ಎಂಗೆ ಏದುಸಿರು ಬುಡ್ತು ನೋಡಿದ್ರಲ್ಲ. ನೀವು, ಮೇಷ್ಟ್ರು ಇಬ್ರೂ ಕುಂತಿದ್ರೆ ನೂರಾ ಇಪ್ಪತ್ತೊಂಬತ್ತು. ಕಲ್ಲುಬೋರೆ ಅತ್ತೋ ಮಾತೇ ಇಲ್ಲ."

"ನಾನು ಇಳಿದು ನಡ್ಕೊಂಡು ಹತ್ತಿರಬಹುದಲ್ಲ," ಎಂದುಬಿಟ್ಟ ಮುರಳೀಕೃಷ್ಣ.

ಚಲುವಯ್ಯ ಅವನನ್ನು ಕರುಣೆಯಿಂದ ನೋಡಿದ. "ನಿಮ್ಮನ್ನ ಬುಡಿಸಾಕೆ ನೋಡ್ತಾವ್ನಿ ಸ್ವಾಮಿ. ನೀವೇ ಬಂದು ಬಂದು ಸಿಕ್ಕಾಕ್ಕೊತೀರಿ."

ಆಮೇಲೆ ಅವನು ದನಿ ತಗ್ಗಿಸಿ, ರಂಜನಿಗೆ ಕೇಳದಿರಲಿ ಎನ್ನುವಂತೆ ಹೇಳಿದ. ಊರೊಳಗೆ ಪುಟ್ಟತಾಯಮ್ಮ ಎನ್ನುವ ಮುದುಕಿ ಇದ್ದಾಳೆ, ಪ್ರವಾಸದವರಿಗೆ ಮಜ್ಜಿಗೆ ಕೊಡುವವಳು. ಅವತ್ತು ಮಜ್ಜಿಗೆ ತರಲು ಬಂದ ಗೈಡಪ್ಪ ಎರಡೂಮುಕ್ಕಾಲರಿಂದ ನಾಲ್ಕರವರೆಗೆ ತನ್ನ ನಡುಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತು ಅತ್ತ ಎಂದು ಅವಳು ಹೇಳಿದ್ದಾಳೆ. ಸೊಸೆಯೂ ನೋಡಿದ್ದಾಳೆ.

ಮುರಳೀಕೃಷ್ಣನ ಕಿವಿ ಕೆಂಪಾಯಿತು. ಕೊಲೆಗಾರ ಅಂದಾಗ ಬಾರದ ನಾಚಿಕೆ ಈಗ ಬಂತು. ಅವನು ಕಟ್ಟೆಯ ಕಡೆಗೆ ತಿರುಗಿ ನಿಂತ.

ರಂಜನಿ ಅಷ್ಟು ಹೊತ್ತೂ 'ನಂದಿ' ಎಂಬ ಸ್ಟಿಕರಿನ ತನ್ನ ಗಾಡಿಯ ಮೇಲೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತು ಇಬ್ಬರನ್ನೂ ನೋಡುತ್ತಿದ್ದಳು. ಊಟವಾದ ಮೇಲೆ ಗುಡಿಯ ಹಿಂದಿನ ಬೇವಿನಮರದಡಿ ಮಲಗಿದ್ದೆ, ನಾಲ್ಕಕ್ಕೆ ಎಚ್ಚರವಾಯಿತು ಎಂದು ಅವಳು ಮೊದಲ ದಿನವೇ ಬರೆದುಕೊಟ್ಟಿದ್ದಳು. ಅವಳು ಮಲಗಿದ್ದನ್ನು ನೋಡಿದವರಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

"ಮೇಡಮ್ಮೋರೆ," ಎಂದ ಚಲುವಯ್ಯ. ಹೆಣ್ಣುಮಕ್ಕಳಿಗೆ ಇಂಥದನ್ನು ಕೇಳಲು ಅವನಿಗೆ ಸಂಕೋಚವಾಯಿತು. "ತಪ್ಪು ತಿಳ್ಕಬ್ಯಾಡಿ. ತಾವು ಏಟಿದ್ದೀರಾ?"

"ನಲವತ್ಮೂರು," ಎಂದಳು ರಂಜನಿ ತಕ್ಷಣ. "ಐವತ್ತೊಂದೂ ನಲವತ್ಮೂರೂ ತೊಂಬತ್ನಾಲ್ಕು. ನೀವು ಕವಲಲ್ಲಿ ಗಾಡಿ ಬದಲಾಯಿಸಿದಾಗಲೇ ಗೊತ್ತಾಯ್ತು. ತಾವೇನು ಮಾಡ್ತಿದೀವಿ ಅಂತ ಗೊತ್ತಿರೋರ ಜೊತೆ ಓಡಾಡಿ ನನಗೆ ಬಹಳ ವರ್ಷ ಆಗಿತ್ತು."

ಅವಳು ಗಾಡಿಯಿಂದ ಇಳಿದು ಬಂದು ಕಾಗದವನ್ನೂ ಪುಸ್ತಕವನ್ನೂ ಒಂದು ಸಲ ನೋಡಿದಳು. ತೊಳೆಯದ ಪಾತ್ರೆಯನ್ನು ನೋಡುವಂತೆ ನೋಡಿದಳು. ನಂತರ ಮುರಳೀಕೃಷ್ಣನ ಕಡೆಗೆ ತಿರುಗಿದಳು.

"ಇದು ಸಾರ್ ಅಕ್ಷರ ಅಲ್ಲ ರೀ. ನಂದು. ಎರಡೂ ನಂದೇ."

ಮುರಳೀಕೃಷ್ಣನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಸಂಪತ್ಕುಮಾರರಿಗೆ ಕೈನಡುಕ. ಹನ್ನೆರಡು ವರ್ಷದಿಂದ ಅವರು ಬರೆದದ್ದೆಲ್ಲ ಅವಳು ಬರೆದದ್ದು. ಮೊದಮೊದಲು ಅವರು ಹೇಳುತ್ತಿದ್ದರು, ಇವಳು ಬರೆಯುತ್ತಿದ್ದಳು. ಆಮೇಲೆ ಅವರು ಹೇಳುವುದನ್ನೂ ಬಿಟ್ಟರು. ಕೆಂಪು ಶಾಯಿಯಲ್ಲಿ ಇವನ ತಪ್ಪು ತಿದ್ದಿದ್ದು ಅವಳು. ಕೊನೆಯ ಬೈಗುಳ ಮಾತ್ರ ಅವರದು, ಅದನ್ನು ಬರೆಸುವಾಗ ಅವರು ನಕ್ಕಿದ್ದರಂತೆ. ಕಲ್ಲಿನ ಹನ್ನೊಂದು ಸಾಲು ರಚಿಸಿದ್ದೂ ಅವಳೇ. ಸಾಲುಗಳನ್ನು ಚೆನ್ನಾಗಿಯೇ ಬರೆದೆ, ಚುಕ್ಕೆ ಇಡಿಸಿದ್ದು ಅವರು ಎಂದಳು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಚಲುವಯ್ಯ ಕೇಳಿದ.

"ನಿಮ್ಮ ಇನ್‌ಸ್ಪೆಕ್ಟರು ನನ್ನ ಕೇಳಿದ್ದು ಎರಡೇ ಪ್ರಶ್ನೆ. ಸಾರ್‌ಗೆ ಶುಗರ್ ಇತ್ತಾ, ನನಗೆ ಮದುವೆ ಯಾಕೆ ಆಗಿಲ್ಲ."

ಚಲುವಯ್ಯ ತಲೆ ತಗ್ಗಿಸಿದ. ಆಮೇಲೆ, ಅವತ್ತು ಹಿಂದೆ ಕೂತಿದ್ದವರು ನೀವೇ ತಾನೆ ಎಂದ.

ಹೌದು ಎಂದಳು. ಫುಲ್‌ಸ್ಟಾಪಿನ ನಾಟಕ ಆದ ಮೇಲೆ ಸಾರ್‌ಗೆ ಖುಷಿ ಹತ್ತು ನಿಮಿಷ ಇತ್ತು. ಆಮೇಲೆ ಹೆದರಿಕೆ ಹುಟ್ಟಿತು. ಪತ್ರಿಕೆಯಲ್ಲಿ ಬಂದರೆ ಕಲ್ಲು ಕೆತ್ತಿದವನು ಯಾರು ಎಂದು ಹುಡುಕುತ್ತಾರೆ. ಹುಡುಕಿದರೆ ರಂಗಸ್ವಾಮಿ ಸಿಗುತ್ತಾನೆ. ಅವನ ಬಾಯಿ ಮುಚ್ಚಿಸಬೇಕು, ದಾರಿ ನಿನಗೆ ಗೊತ್ತು, ಗಾಡಿ ಹತ್ತು ಎಂದರಂತೆ.

"ಕಲ್ಲು ಯಾರು ಕೆತ್ತಿದ್ರೆ ಅವರಿಗೇನಮ್ಮ? ತಮಾಸೆಗೆ ಮಾಡಿಸ್ದೆ ಅಂದಿದ್ರೆ ಆಗ್ತಿತ್ತು."

"ಈ ಕಲ್ಲಾದರೆ ತಮಾಷೆ." ರಂಜನಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. "ಸಾರ್‌ಗೆ ಡಾಕ್ಟರೇಟ್ ತಂದುಕೊಟ್ಟ ಶಾಸನ ಇದೆಯಲ್ಲ, ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದಾರಲ್ಲ, ಪಠ್ಯಪುಸ್ತಕದಲ್ಲಿ ಫೋಟೋ ಇದೆಯಲ್ಲ. ಅದನ್ನ ಕೆತ್ತಿದ್ದೂ ರಂಗಸ್ವಾಮಿನೇ. ಅದಕ್ಕೆ ನಾನು ಅಕ್ಷರ ಬರೆದುಕೊಟ್ಟಾಗ ನನಗೆ ಹತ್ತೊಂಬತ್ತು ವರ್ಷ."

ಕಟ್ಟೆಯ ಕಡೆಗೆ ನಿಂತಿದ್ದ ಮುರಳೀಕೃಷ್ಣ ಪೂರ್ತಿ ಈ ಕಡೆ ತಿರುಗಿದ. ಆ ಶಾಸನವನ್ನು ಅವನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ. ಅದರಲ್ಲೇ ನಪಾಸಾಗಿದ್ದ.

ಚಲುವಯ್ಯ ನೋಟ್‌ಬುಕ್ ಮಡಚಿ ಜೇಬಿಗಿಟ್ಟ. ಅವನಿಗೆ ಈಗ ಎಲ್ಲವೂ ಸರಿಹೊಂದುತ್ತಿತ್ತು, ಸರಿಹೊಂದುತ್ತಿರುವುದಕ್ಕೆ ಬೇಸರವೂ ಆಗುತ್ತಿತ್ತು. ಹನ್ನೆರಡು ವರ್ಷ ಇವಳ ಬುದ್ಧಿ ತಿಂದು ಬದುಕಿದ ಮನುಷ್ಯ, ಇವಳ ಜೊತೆ ಒಂಟಿಯಾಗಿ ಕಟ್ಟೆಗೆ ವಾಪಸ್ ಬಂದ, ಅಲ್ಲೇ ಸತ್ತ. ನ್ಯಾಯವಾಗಿ ಕೇಳಬೇಕಾದ್ದನ್ನು ಅವನು ಕೇಳಿದ.

"ವಾಪಸ್ ಬಂದ್ಮೇಲೆ ಏನಾಯ್ತಮ್ಮ?"

"ನನಗೆ ಗೊತ್ತಿಲ್ಲ. ನಾನು ಅವರ ಜೊತೆ ವಾಪಸ್ ಬರಲಿಲ್ಲ."

ರಂಜನಿಯ ಮುಖ ಗಾಡಿ ಹತ್ತುವಾಗ ಹೇಗಿತ್ತೋ ಈಗಲೂ ಹಾಗೇ ಇತ್ತು. ಹೊಲದ ಕಾಲುದಾರಿಯಲ್ಲಿ ನಡೆದು ಬಂದೆ ಎಂದಳು. ಮುಕ್ಕಾಲು ಗಂಟೆ ಹಿಡಿಯಿತು, ನಾಲ್ಕಕ್ಕೆ ಗುಡಿಯ ಹಿಂದಿನಿಂದ ಬಂದೆ, ಮಲಗಿ ಎದ್ದಳು ಅಂತ ಅವರವರೇ ಅಂದುಕೊಂಡರು, ನಾನೂ ಹಾಗೇ ಬರೆದುಕೊಟ್ಟೆ ಎಂದಳು.

"ಶೆಡ್ಡಲ್ಲಿ ಸಾರ್ ರಂಗಸ್ವಾಮಿಗೆ ಎಂದಿನ ಹಾಗೆ ಕಲ್ಲು ಒಡೆಯೋ ಕೂಲಿ, ಹೆಬ್ಬೆಟ್ಟು ಅಂತ ಬಯ್ದರು. ಆಗ ಸಿಟ್ಟಿಗೆ ನಾನು, ನೀನು ಕೆತ್ತಿದ ಕಲ್ಲು ಮ್ಯೂಸಿಯಂನಲ್ಲಿದೆ, ಕೆಳಗೆ ಇವರ ಹೆಸರಿದೆ ಅಂತ ಅವನಿಗೆ ಹೇಳಿಬಿಟ್ಟೆ. ಅವನಿಗೆ ಗೊತ್ತೇ ಇರಲಿಲ್ಲ ಪಾಪ. ಯಾವುದೋ ಗುಡಿಗೆ ಅಂದುಕೊಂಡಿದ್ದ. ಅವನೇನೂ ಕೂಗಾಡಲಿಲ್ಲ. ನನ್ನ ತಲೆಯಿಂದ ಟೋಪಿ ತಗೊಂಡು ತಾನು ಹಾಕ್ಕೊಂಡ."

ಅವಳು ಕಲ್ಲುಬೋರೆಯ ದಾರಿಯತ್ತ ಕೈ ತೋರಿಸಿದಳು.

"ಬರುವಾಗ ಗಾಡಿ ಹಿಂದೆ ಕೂತಿದ್ದವನು ರಂಗಸ್ವಾಮಿ. ನಿನ್ನೆ ನಿಮಗೆ ಚಹಾ ಕೊಟ್ಟನಲ್ಲ, ಅವನ ಕಣ್ಣು ನೀವೇ ನೋಡಿದ್ರಾ, ಇಲ್ಲ ಅವನು ಹೇಳಿದ್ದನ್ನ ನಂಬಿಕೊಂಡು ಬಂದ್ರಾ?"

ಚಲುವಯ್ಯ ನಿನ್ನೆ ಕಂಡ ಮುಖವನ್ನು ನೆನಪಿಗೆ ತಂದುಕೊಂಡ. ಒಣಕಲು ಮುದುಕ, ಒರಟು ಕೈ, ಮಂಜುಗಣ್ಣು. ಅವನನ್ನು ಅನುಮಾನಿಸುವುದಿರಲಿ, ಅಷ್ಟು ದೊಡ್ಡ ವಿಷಯಕ್ಕೆ ಬೇಕಾದ ಸಿಟ್ಟು ಅವನಲ್ಲಿ ಇರಬಹುದು ಎಂದೂ ಅನ್ನಿಸಿರಲಿಲ್ಲ. ಠಾಣೆಯವರು ಇಪ್ಪತ್ತು ವರ್ಷ ತನ್ನನ್ನು ನೋಡಿದ ಹಾಗೆಯೇ ತಾನು ಆ ಮುದುಕನನ್ನು ನೋಡಿದ್ದೆ ಎಂಬುದು ಅವನಿಗೆ ಹೊಳೆಯಿತು.

ಇಲ್ಲವೇ, ಎದುರಿಗೆ ನಿಂತಿರುವ ಈ ಹೆಣ್ಣುಮಗಳು ಹನ್ನೊಂದು ಸಾಲಿನ ಶಾಸನದಷ್ಟೇ ಚೆನ್ನಾಗಿ ಇದನ್ನೂ ರಚಿಸಿ ಹೇಳುತ್ತಿದ್ದಳು.

ಇಬ್ಬರಲ್ಲಿ ಒಬ್ಬರು ಸುಳ್ಳು. ನಿನ್ನೆ ಒಬ್ಬನನ್ನು ನಂಬಿದ್ದ, ಈ ಗಳಿಗೆಯಲ್ಲಿ ಇನ್ನೊಬ್ಬಳನ್ನು ನಂಬುತ್ತಿದ್ದ. ಅವನು ಬೂಟು ಹಾಕಿಕೊಳ್ಳದೆಯೇ ನಂದಿಯ ಹಿಡಿ ಹಿಡಿದು, ಮೇಡಂ ಎಲ್ಲೂ ಹೋಗದ ಹಾಗೆ ನೋಡಿಕೊಳ್ಳಿ ಎಂದು ಮುರಳೀಕೃಷ್ಣನಿಗೆ ಹೇಳಿ, ಕಲ್ಲುಬೋರೆಯ ಕಡೆಗೆ ತಿರುಗಿಸಿದ. ಅಷ್ಟರಲ್ಲಿ ಅವನಿಗೆ ಒಂದು ವಿಷಯ ತಟ್ಟನೆ ಗಮನಕ್ಕೆ ಬಂತು.

ನಿನ್ನೆ ರಂಗಸ್ವಾಮಿ ಚಹಾ ಕೊಟ್ಟದ್ದನ್ನು ಅವನು ಮುರಳೀಕೃಷ್ಣನಿಗಾಗಲಿ ರಂಜನಿಗಾಗಲಿ ಹೇಳಿರಲೇ ಇಲ್ಲ. ಅದನ್ನು ಅವಳಿಗೆ ಹೇಳಬಹುದಾದವನು ಆ ಮುದುಕನೊಬ್ಬನೇ.